ಲಕ್ಷ್ಮೇಶ್ವರದಲ್ಲಿ ಮೂರು ದಿನ, ಒಂದು ಕ್ಲಚ್ಚಿನ ಪಾಠ

ಲಕ್ಷ್ಮೇಶ್ವರ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಸೋಮೇಶ್ವರನ ಗುಡಿ ಎನ್ನುವಿರಿ. ಶಾಲೆಯಲ್ಲಿ ಕನ್ನಡ ಪಾಠವನ್ನು ಮನಸ್ಸಿಟ್ಟು ಕೇಳಿದವರು ಪಂಪ, ಪುಲಿಗೆರೆ ಎನ್ನುವಿರಿ. ನನಗಾದರೋ ಈಗ ಆ ಊರಿನ ಹೆಸರು ಕೇಳಿದರೆ ಗುಡಿಯ ಜೊತೆಗೇ ಒಂದು ಸುಟ್ಟ ವಾಸನೆಯೂ ನೆನಪಿಗೆ ಬರುತ್ತದೆ. ನಗಬೇಡಿ. ಆ ವಾಸನೆ ಏನೆಂದು ಹೊತ್ತಿಗೆ ಸರಿಯಾಗಿ ತಿಳಿದದ್ದರಿಂದಲೇ ನನ್ನ ತಂಗಿಯ ಕೈಯ ಪಾಟಲಿಗಳು ಇವತ್ತಿಗೂ ಅವಳ ಕೈಯಲ್ಲೇ ಇವೆ.

ಗದಗದಿಂದ ಲಕ್ಷ್ಮೇಶ್ವರಕ್ಕೆ ಸುಮಾರು 40 ಕಿಲೋಮೀಟರು. ಹುಬ್ಬಳ್ಳಿಯಿಂದಲೂ ದೂರವೇನಲ್ಲ, 55ರ ಆಸುಪಾಸು. ನಾನು ಹೋದದ್ದು ಜೂನ್ ತಿಂಗಳಲ್ಲಿ, ಒಂದು ಗುರುವಾರ. ಮಿರಗದ ಮಳೆ ಒಮ್ಮೆ ಚೆನ್ನಾಗಿ ಬಿದ್ದು ಹೊಳವಾಗಿತ್ತು. ದಾರಿಯ ಎರಡೂ ಬದಿಗೆ ಎರೆಹೊಲಗಳು ಈಗಷ್ಟೇ ಎಣ್ಣೆ ಹಚ್ಚಿ ತಲೆ ಬಾಚಿಕೊಂಡ ಹಾಗೆ ಕರ್ರಗೆ ಹೊಳೆಯುತ್ತಿದ್ದವು. ಎಲ್ಲಿ ನೋಡಿದರೂ ಎತ್ತು, ಟ್ರ್ಯಾಕ್ಟರು, ಕೂರಿಗೆ, ತಲೆಯ ಮೇಲೆ ಬೀಜದ ಬುಟ್ಟಿ ಹೊತ್ತ ಹೆಂಗಸರು.

ದಾರಿಯಲ್ಲಿ ಮಾಗಡಿ ಕೆರೆಯ ಹೆಸರನ್ನು ನೀವು ಕೇಳಿರಬಹುದು. ಲಕ್ಷ್ಮೇಶ್ವರ ಇನ್ನೂ 11 ಕಿಲೋಮೀಟರು ಇರುವಾಗ ಬರುವ ಊರು ಅದು. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬಂದು ಇಲ್ಲಿ ಇಳಿಯುತ್ತವೆ. ಹಗಲು ಕೆರೆಯಲ್ಲಿ ಮಲಗಿ, ಹೊತ್ತು ಮುಳುಗಿದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ, ಎಂದರೆ ಜಗತ್ತಿನ ಮುಖ್ಯ ಜೌಗು ತಾಣಗಳ ಪಟ್ಟಿಗೆ ಸೇರಿತು. ನಾನು ಹೋದಾಗ ಬಾತುಗಳಿರಲಿಲ್ಲ, ಎಮ್ಮೆಗಳಿದ್ದವು. ನೀವು ಬಾತು ನೋಡಬೇಕೆಂದರೆ ಡಿಸೆಂಬರ್, ಜನವರಿಯಲ್ಲಿ ಹೋಗಿ.

ತಂಗಿಯ ಮನೆ ಊರ ಅಂಚಿಗೆ. ಹಿತ್ತಲ ಬಾಗಿಲು ತೆರೆದರೆ ಹೊಲದ ದಾರಿ. ಆರು ಎಕರೆ ಎರೆಭೂಮಿ. ಹೆಸರು ಬಿತ್ತುವ ಕಾಲ. ನಿಮ್ಮಲ್ಲಿ ಒಕ್ಕಲುತನದ ಮನೆಯವರಿಗೆ ನಾನು ಹೇಳಬೇಕಾಗಿಲ್ಲ. ಹೆಸರು ಎರಡು, ಎರಡೂವರೆ ತಿಂಗಳ ಬೆಳೆ. ಹದ ನೋಡಿ ಬಿತ್ತಿದರೆ ಆಗಸ್ಟ್ ಹೊತ್ತಿಗೆ ಕೈಗೆ ಬರುತ್ತದೆ. ಅದೇ ಹೊಲದಲ್ಲಿ ಮತ್ತೆ ಹಿಂಗಾರಿಗೆ ಜೋಳವನ್ನೋ ಕಡಲೆಯನ್ನೋ ಹಾಕಬಹುದು. ಹದ ತಪ್ಪಿತೋ, ಹೆಸರೂ ಹೋಯಿತು, ಹಿಂದಿನ ಬೆಳೆಯೂ ತಡವಾಯಿತು. ಎರೆಮಣ್ಣಿನ ಹದವೆಂದರೆ ಬಾಣಂತಿಯ ಪಥ್ಯದ ಹಾಗೆ, ತುಸು ಆಚೀಚೆ ಆದರೂ ನಡೆಯುವುದಿಲ್ಲ. ಹಸಿ ಇದ್ದರೆ ಕಾಲಿಗೆ ಅಂಟುತ್ತದೆ, ಒಣಗಿದರೆ ಕಲ್ಲಾಗುತ್ತದೆ. ನಡುವೆ ಸಿಗುವುದು ಮೂರೋ ನಾಲ್ಕೋ ದಿನ.

ಆ ಮೂರು ನಾಲ್ಕು ದಿನಗಳ ನಡುವೆಯೇ ತಂಗಿಯ ಮನೆಯ ಟ್ರ್ಯಾಕ್ಟರು ಕೈಕೊಟ್ಟಿತ್ತು.

ಸಂಜೆಯ ಮಾತು

ನಾನು ಹೋದಾಗ ಆರರಲ್ಲಿ ಎರಡೇ ಎಕರೆ ಬಿತ್ತಿ ಮುಗಿದಿತ್ತು. ತಂಗಿಯ ಯಜಮಾನರು ಮುಖ ಗಂಟಿಕ್ಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. “ಬರ್ರಿ ಅಕ್ಕಾರ, ಆರಾಮ ಅದೀರೇನು?” ಎಂದರೇ ಹೊರತು ಮುಂದೆ ಮಾತಿಲ್ಲ. ಟ್ರ್ಯಾಕ್ಟರು ಅಂಗಳದಲ್ಲಿ ನಿಂತಿತ್ತು. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಕೊಂಡದ್ದು. ತಂಗಿ ಅದಕ್ಕೆ ಎತ್ತಿಗೆ ಕಟ್ಟುವ ಹಾಗೆ ಮುಂದೆ ಗೊಂಡೆ ಕಟ್ಟಿದ್ದಳು.

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ತಂಗಿ ದನಿ ತಗ್ಗಿಸಿ ಹೇಳಿದಳು:

“ಅಕ್ಕಾ, ಎಂಟು ದಿನ ಆತು, ಅದರಿಂದ ಒಂದು ಸುಟ್ಟ ವಾಸನಿ ಬರತೈತಿ. ಎಣ್ಣಿ ಸುಟ್ಟ ವಾಸನಿ ಅಲ್ಲ. ಲಾರಿ ಘಾಟ ಇಳಿದು ಬಂದಾಗ ಬ್ರೇಕಿನಿಂದ ಬರತೈತಲ್ಲ, ಹಂಥಾದ್ದು. ನಾ ಅಂದೆ. ‘ಬ್ಯಾಸಗಿ ಬಿಸಲಿಗೆ ಎಂಜಿನ್ ಕಾದಿರತೈತಿ, ನಿನಗೇನು ತಿಳೀತೈತಿ’ ಅಂದ್ರು. ಈಗ ನೋಡು, ಒಡ್ಡು ಏರೂದಿಲ್ಲ, ರಂಟಿ ಎಳೆಯೂದಿಲ್ಲ.”

ಹೊರಗಿನ ಊರಿನ ಒಂದು ಗ್ಯಾರೇಜಿಗೆ ಫೋನು ಮಾಡಿದ್ದರಂತೆ. ಅವರು ಫೋನಿನಲ್ಲಿಯೇ ತೀರ್ಪು ಕೊಟ್ಟರಂತೆ: “ಕ್ಲಚ್ ಹೋಗೈತಿ. ಗಾಡಿ ಎರಡು ಹೋಳು ಮಾಡಿ ಪ್ಲೇಟ್ ಹಾಕಬೇಕು. ಇಪ್ಪತ್ತು ಸಾವಿರದ ಮ್ಯಾಲ ಆಗತೈತಿ. ಸಾಲಿನ್ಯಾಗ ಮೂರು ಗಾಡಿ ಅದಾವು, ಐದಾರು ದಿನ ಬಿಟ್ಟು ತರ್ರಿ.” ಟ್ರ್ಯಾಕ್ಟರಿನ ಕ್ಲಚ್ಚು ಎಂಜಿನ್ನಿಗೂ ಗೇರು ಪೆಟ್ಟಿಗೆಗೂ ನಡುವೆ ಕುಳಿತಿರುತ್ತದೆ. ಅದನ್ನು ಬದಲಿಸಲು ಗಾಡಿಯನ್ನು ನಡುವಿನಲ್ಲಿ ನಿಜವಾಗಿಯೇ ಎರಡು ಭಾಗ ಮಾಡಬೇಕು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಐದಾರು ದಿನ ಹದ ನಿಲ್ಲಬೇಕಲ್ಲ!

ತಂಗಿ ಬಲಗೈಯ ಹಿಟ್ಟು ಒರೆಸಿಕೊಂಡು ಎಡಗೈಯ ಪಾಟಲಿಗಳನ್ನು ತಿರುಗಿಸುತ್ತ, “ನಾಳೆ ಇವನ್ನ ಬ್ಯಾಂಕಿನ್ಯಾಗ ಇಡೂಣು ಅಂತ ಮಾಡೇವಿ. ಅತ್ತಿಯವರಿಗೆ ಗೊತ್ತಿಲ್ಲ” ಎಂದಳು. ಮದುವೆಯಲ್ಲಿ ನಮ್ಮ ತಾಯಿ ತನ್ನ ಕೈಯಿಂದ ಬಿಚ್ಚಿ ಹಾಕಿದ ಪಾಟಲಿಗಳು ಅವು. ಒಮ್ಮೆ ಬ್ಯಾಂಕು ಸೇರಿದ ಬಂಗಾರ ತಿರುಗಿ ಮನೆಗೆ ಬರುವುದು ಎಷ್ಟು ಕಷ್ಟ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ.

ಗ್ರೈಂಡರಿನ ಬೆಲ್ಟು

ಮರುದಿನ ಬೆಳಿಗ್ಗೆ, ಇನ್ನೊಮ್ಮೆ ನೋಡೋಣವೆಂದು ಯಜಮಾನರು ಗಾಡಿ ಹೊಲಕ್ಕೆ ಇಳಿಸಿದರು. ನಾನೂ ತಂಗಿಯೂ ಒಡ್ಡಿನ ಮೇಲೆ ನಿಂತೆವು. ರಂಟೆ ನೆಲಕ್ಕೆ ಇಳಿಯಿತು. ಎಂಜಿನ್ನು ಜೋರಾಗಿ ಕೂಗಿತು, ಇನ್ನೂ ಜೋರಾಗಿ ಕೂಗಿತು. ಗಾಡಿ ಮಾತ್ರ ಒಲ್ಲದ ಮಗು ಶಾಲೆಗೆ ಹೋದ ಹಾಗೆ ಹೆಜ್ಜೆ ಎಳೆಯುತ್ತ ಹೋಯಿತು, ಆಮೇಲೆ ನಿಂತೇಬಿಟ್ಟಿತು. ಪಕ್ಕದ ಹೊಲದವರು ದೂರದಿಂದಲೇ ಕೂಗಿದರು: “ಹಸಿ ಮಣ್ಣಿಗೆ ಗಾಲಿ ಜಾರಾಕತ್ತಾವೋ, ಹದ ಆಗಿಲ್ಲ!”

ಸೋದರಿಯರೇ, ನನಗೆ ಯಂತ್ರದ ವಿದ್ಯೆ ಏನೂ ಬಾರದು. ಆದರೆ ಮನೆಯಲ್ಲಿ ಇಪ್ಪತ್ತು ವರ್ಷ ಗ್ರೈಂಡರು ತಿರುಗಿಸಿದ್ದೇನೆ. ದೋಸೆ ಹಿಟ್ಟು ಗಟ್ಟಿಯಾದಾಗ ಏನಾಗುತ್ತದೆ ಹೇಳಿ? ಮೋಟಾರು ಗುಂಯ್‌ಗುಟ್ಟುತ್ತಲೇ ಇರುತ್ತದೆ, ಕಲ್ಲು ತಿರುಗುವುದಿಲ್ಲ. ಬೆಲ್ಟು ಜಾರುತ್ತಿದೆ ಎಂದು ಆಗ ನಮಗೆ ತಾನಾಗಿ ತಿಳಿಯುತ್ತದೆ. ಹೊಲಿಗೆ ಯಂತ್ರದಲ್ಲೂ ಅಷ್ಟೇ. ಕಾಲು ತುಳಿಯುತ್ತಲೇ ಇರುತ್ತದೆ, ಮೇಲಿನ ಗಾಲಿ ಸುಮ್ಮನಿರುತ್ತದೆ. ಕೆಟ್ಟದ್ದು ಮೋಟಾರೂ ಅಲ್ಲ, ಸೂಜಿಯೂ ಅಲ್ಲ. ಶಕ್ತಿಯನ್ನು ಅಲ್ಲಿಂದ ಇಲ್ಲಿಗೆ ದಾಟಿಸುವ ನಡುವಿನ ವಸ್ತು ಜಾರುತ್ತಿರುತ್ತದೆ.

ಅದು ನೆನಪಾಗಿ ನಾನು ಗಾಡಿಯ ಸದ್ದು ಬಿಟ್ಟು ಗಾಲಿಯ ಕಡೆಗೆ ನೋಡಿದೆ. ಗಾಲಿ ಜಾರುತ್ತಿದ್ದರೆ ಅದು ನಿಂತಲ್ಲೇ ಗಿರಗಿರನೆ ತಿರುಗಿ ಮಣ್ಣು ಎರಚಬೇಕಿತ್ತು. ದೊಡ್ಡ ಗಾಲಿ ತಿರುಗುತ್ತಲೇ ಇರಲಿಲ್ಲ! ಎಂಜಿನ್ನು ಕೂಗುತ್ತಿದೆ, ಗಾಲಿ ನಿಂತಿದೆ. “ಮಣ್ಣಿನ ತಪ್ಪಲ್ಲ, ಒಳಗೇ ಏನೋ ಜಾರಾಕತ್ತೈತಿ” ಎಂದೆ. ಅಷ್ಟರಲ್ಲಿ ಗಾಳಿ ನಮ್ಮ ಕಡೆ ಬೀಸಿ ಆ ವಾಸನೆಯೂ ಬಂತು. ತಂಗಿ ನನ್ನ ಕೈ ಹಿಚುಕಿದಳು.

ಯಜಮಾನರು ಇಳಿದು ಬಂದರು. ಸಿಟ್ಟು ಬರುತ್ತದೆಂದು ನಾನು ಹೆದರಿದ್ದೆ. ಬರಲಿಲ್ಲ. ಊರಲ್ಲಿ ಒಬ್ಬ ಹಳೆಯ ಮಿಸ್ತ್ರಿ ಇದ್ದಾರೆ, ಈಗ ದುಡಿತ ಕಡಿಮೆ ಮಾಡಿದ್ದಾರೆ, ಅವರನ್ನಾದರೂ ಒಮ್ಮೆ ಕರೆದು ತೋರಿಸೋಣ ಎಂದರು. ಫೋನು ಮಾಡಿದರೆ, ಅಂದು ಶುಕ್ರವಾರ. “ನಮಾಜ್ ಮುಗಿಸಿ ಬರತೇನಿ. ಅಲ್ಲೀತನಕ ಗಾಡಿ ಚಾಲೂ ಮಾಡಬ್ಯಾಡ್ರಿ, ತಣ್ಣಗ ಇರಲಿ” ಎಂದರು ಮಿಸ್ತ್ರಿ ಚಾಚಾ. ಪಾಟಲಿಗಳ ಮಾತು ಮಧ್ಯಾಹ್ನದವರೆಗೆ ಮುಂದಕ್ಕೆ ಹೋಯಿತು.

ಪುಲಿಗೆರೆಯ ಬೀದಿಗಳಲ್ಲಿ

ಮನೆಯಲ್ಲಿ ಕುಳಿತರೆ ಚಿಂತೆ ಹೆಚ್ಚು. ತಂಗಿಯ ಅತ್ತೆಯವರೇ, “ಅಕ್ಕ ಬಂದಾಳ, ಗುಡಿ ತೋರಿಸಿಕೊಂಡು ಬಾ ಹೋಗು” ಎಂದು ಕಳಿಸಿದರು.

ಲಕ್ಷ್ಮೇಶ್ವರ ಈಗ ಗದಗ ಜಿಲ್ಲೆಯ ಒಂದು ತಾಲ್ಲೂಕು ಸ್ಥಳ. ಮೊದಲು ಶಿರಹಟ್ಟಿ ತಾಲ್ಲೂಕಿಗೆ ಸೇರಿತ್ತು. 1997ರಲ್ಲಿ ಗದಗ ಜಿಲ್ಲೆಯಾಗುವ ಮುಂಚೆ ಧಾರವಾಡ ಜಿಲ್ಲೆಯಲ್ಲಿತ್ತು. ಅದಕ್ಕೂ ಹಿಂದೆ, ಸ್ವಾತಂತ್ರ್ಯಕ್ಕೆ ಮುಂಚೆ, ಪಟವರ್ಧನರ ಮಿರಜ ಸಂಸ್ಥಾನದಲ್ಲಿತ್ತು. ಇನ್ನೂ ಹಿಂದೆ ಹೋದರೆ ಇದೇ ಪುಲಿಗೆರೆ, ಹುಲಿಗೆರೆ. ಮುನ್ನೂರು ಹಳ್ಳಿಗಳ ನಾಡಿಗೆ ಮುಖ್ಯ ಪಟ್ಟಣ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಈ ನಾಲ್ಕು ಊರುಗಳ ನಡುವಣ ನಾಡಿನದು ಕನ್ನಡದ ತಿರುಳು ಎಂದು ಹೇಳಿತು. ಕಿಸುವೊಳಲೆಂದರೆ ಈಗಿನ ಪಟ್ಟದಕಲ್ಲು, ಕೊಪಣವೆಂದರೆ ಕೊಪ್ಪಳ. ಕ್ರಿ.ಶ. 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಮುಗಿಸಿದ ಪಂಪನೂ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಪಟ್ಟ. ಆ ಊರಿನ ಸಂತೆಯಲ್ಲಿ ನಿಂತು ಬದನೆಕಾಯಿ ಚೌಕಾಶಿ ಮಾಡುವಾಗ ನನಗೆ ಸ್ವಲ್ಪ ನಾಲಗೆ ತಡವರಿಸಿತೆಂದರೆ ನಂಬಿ.

ಸೋಮೇಶ್ವರ ಗುಡಿ ಕೋಟೆಯಂಥ ಎತ್ತರದ ಪ್ರಾಕಾರದೊಳಗಿದೆ. ಬೀದಿಯ ಗದ್ದಲದಿಂದ ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಸಾಕು, ಯಾರೋ ಕಿವಿಗೆ ಹತ್ತಿ ಇಟ್ಟ ಹಾಗೆ. ಕಲ್ಲು ಹಾಸಿದ ವಿಶಾಲ ಅಂಗಳ, ಸುತ್ತ ಸಣ್ಣ ಗುಡಿಗಳು, ಮೆಟ್ಟಿಲಿಳಿದು ಹೋಗುವ ಬಾವಿ. ಗರ್ಭಗುಡಿಯಲ್ಲಿ ಬರೀ ಲಿಂಗವನ್ನು ನಿರೀಕ್ಷಿಸಿ ಹೋದವರಿಗೆ ಅಚ್ಚರಿ ಕಾದಿರುತ್ತದೆ. ಇಲ್ಲಿ ಶಿವ ಪಾರ್ವತಿಯರು ನಂದಿಯ ಬೆನ್ನೇರಿ ಕುಳಿತಿದ್ದಾರೆ. ಸೌರಾಷ್ಟ್ರದಿಂದ ಬಂದ ಆದಯ್ಯನೆಂಬ ಶರಣ ಸೋಮನಾಥನನ್ನು ಪುಲಿಗೆರೆಗೆ ತಂದನೆಂಬುದು ಕತೆ. ಹರಿಹರನೂ ರಾಘವಾಂಕನೂ ಅದನ್ನು ಕಾವ್ಯ ಮಾಡಿದ್ದಾರೆ. ಕತೆಯಲ್ಲಿ ಆದಯ್ಯನ ಹೆಂಡತಿ ಪದ್ಮಾವತಿ ಇದೇ ಊರಿನ ಜೈನರ ಮನೆಯ ಮಗಳು. ತಂಗಿ ನಂದಿಯ ಮೇಲೆ ಕುಳಿತ ದಂಪತಿಗಳಿಗೆ ಕೈಮುಗಿದು, “ದೇವರಿಗೂ ಎತ್ತೇ ಪಾಡ ನೋಡಕ್ಕಾ, ಕ್ಲಚ್ಚಿಲ್ಲ ಏನಿಲ್ಲ” ಎಂದಳು. ಎರಡು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಅಲ್ಲಿಂದ ಶಂಖ ಬಸದಿಗೆ ಹೋದೆವು. ನೇಮಿನಾಥ ತೀರ್ಥಂಕರನ ಲಾಂಛನ ಶಂಖ, ಅದರಿಂದ ಆ ಹೆಸರು. ಒಳಗೆ ಸಹಸ್ರಕೂಟವೆಂಬ ಒಂದು ಕಲ್ಲಿದೆ. ಸುತ್ತಲೂ ಸಾಲುಸಾಲಾಗಿ ಪುಟ್ಟಪುಟ್ಟ ಜಿನಬಿಂಬಗಳು, ಬೆರಳಿಟ್ಟು ಎಣಿಸ ಹೊರಟರೆ ಮಧ್ಯಾಹ್ನವಾದೀತು. ಮುಂದೆ ಆದಿಲ್‌ಶಾಹಿ ಕಾಲದ, 1617ರ ಜುಮ್ಮಾ ಮಸೀದಿ. ಅದರ ಕಲ್ಲಿನ ಕೆಲಸದಲ್ಲಿ ಬಿಜಾಪುರದ ಕೈಯೂ ಕಾಣುತ್ತದೆ, ನಮ್ಮ ಕಡೆಯ ಗುಡಿ ಕಟ್ಟಿದವರ ಕೈಯೂ ಕಾಣುತ್ತದೆ. ದೂದನಾನಾ ದರ್ಗಾಕ್ಕೆ ಎಲ್ಲ ಜನರೂ ಹರಕೆ ಹೊರುತ್ತಾರೆ. ಅರ್ಧ ದಿನದ ನಡಿಗೆಯಲ್ಲಿ ಇಷ್ಟೆಲ್ಲ ಒಂದೇ ಊರಿನಲ್ಲಿ ಸಿಗುತ್ತದೆ. ಬೇಸರಕ್ಕೆ ಬಿಸಿ ಮಿರ್ಚಿ ಭಜಿಯೂ ಗಿರಮಿಟ್ಟೂ ಸಿಗುತ್ತದೆ. ನಮಾಜು ಬಿಡುವ ಹೊತ್ತಿಗೆ ನಾವು ಮನೆ ಸೇರಿದೆವು.

ಮಿಸ್ತ್ರಿ ಚಾಚಾ ಕೇಳಿದ ಪ್ರಶ್ನೆಗಳು

ಚಾಚಾ ಬಂದವರೇ ಪಾನಾ ಕೈಗೆ ತೆಗೆದುಕೊಳ್ಳುತ್ತಾರೆಂದು ನಾನು ತಿಳಿದಿದ್ದೆ. ಇಲ್ಲ. ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತ ಪ್ರಶ್ನೆ ಕೇಳಿದರು, ಒಳ್ಳೆಯ ವೈದ್ಯರು ನಾಡಿ ಹಿಡಿಯುವ ಮೊದಲು ಕೇಳುವ ಹಾಗೆ.

“ಬರೇ ಗಾಡಿ ಓಡಿಸಿದರ ಓಡತೈತಿ, ಭಾರ ಬಿದ್ದಾಗಷ್ಟ ನಿಲ್ಲತೈತಿ, ಹೌದಲ್ಲ?” ಹೌದು.

“ಭಾರ ಬಿದ್ದಾಗ ಎಂಜಿನ್ ದನಿ ಏರತೈತೋ, ಇಳೀತೈತೋ?” ಯಜಮಾನರು ಯೋಚಿಸಿದರು. “ಏರತೈತ್ರಿ” ಎಂದಳು ತಂಗಿ, ಬಾಗಿಲ ಮರೆಯಿಂದ. ಚಾಚಾ ಆ ಕಡೆ ತಿರುಗಿದರು. “ಹಾಂ, ಅವ್ವಾರು ಛಲೋ ಕೇಳ್ಯಾರ. ಎಂಜಿನ್ ಸೋತಿದ್ರ ದನಿ ಇಳದು, ಕರೀ ಹೊಗಿ ಬಿಟ್ಟು, ಗುದ್ದಾಡಿ ಬಂದ್ ಬೀಳತಿತ್ತು. ದನಿ ಏರಿ ಗಾಡಿ ನಿಂತ್ರ ಕ್ಲಚ್ ಜಾರತೈತಿ ಅಂತ ಅರ್ಥ. ವಾಸನಿ?”

ತಂಗಿ ಹೇಳಿದಳು. ಎಂಟು ದಿನದಿಂದ ಎಂಬುದನ್ನೂ ಹೇಳಿದಳು. ಯಜಮಾನರು ನೆಲ ನೋಡಿದರು.

ಆಮೇಲೆ ಚಾಚಾ ಗಾಡಿಯ ಕೆಳಗೆ ತಲೆ ಹಾಕಿದರು. ಕ್ಲಚ್ಚು ಕುಳಿತ ಪೆಟ್ಟಿಗೆಯ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿ ಎಣ್ಣೆಯ ಹನಿ ಇದ್ದರೆ ಒಳಗಿನ ಸೀಲು ಹೋಗಿ ಪ್ಲೇಟಿಗೆ ಎಣ್ಣೆ ತಾಗಿದೆ ಎಂದು ತಿಳಿಯಬೇಕು. ಟ್ರ್ಯಾಕ್ಟರಿನ ಕ್ಲಚ್ಚು ಒಣಗಿರಬೇಕಾದದ್ದು. ಎಣ್ಣೆ ತಾಗಿದರೆ ಬಿಚ್ಚದೆ ಬೇರೆ ದಾರಿಯೇ ಇಲ್ಲ. ನಾವೆಲ್ಲ ಉಸಿರು ಹಿಡಿದೆವು. ಚಾಚಾ ಬೆರಳು ಹಾಕಿ ತೆಗೆದು ತೋರಿಸಿದರು. ಬರೀ ಧೂಳು. “ಒಣಾ ಐತಿ. ದೇವರು ದೊಡ್ಡಾವ” ಎಂದರು.

ಆಮೇಲೆ ಪೆಡಲನ್ನು ಕಾಲಿನಿಂದಲ್ಲ, ಕೈಯಿಂದ ಮೆಲ್ಲಗೆ ಒತ್ತಿದರು. “ಇಲ್ಲಿ ಆಟ ಇರಬೇಕ್ರಿ. ಮೊದಲಿಗೆ ಒಂದು ಇಂಚಿನಷ್ಟು ಪೆಡಲ್ ಹಗೂರಕ ಹೋಗಬೇಕು, ಆಮ್ಯಾಲ ಬಿಗಿ ಹತ್ತಬೇಕು. ಇದರಾಗ ಆಟಾನ ಇಲ್ಲ, ಮುಟ್ಟಿದ ಕೂಡ್ಲೆ ಬಿಗಿ.”

ಅದು ಯಾಕೆ ಮುಖ್ಯ ಎಂದು ಕೇಳಿದೆ. ಅವರು ವಿವರಿಸಿದ್ದನ್ನು ನಮ್ಮ ಅಡಿಗೆಮನೆಯ ಭಾಷೆಯಲ್ಲಿ ಹೇಳುತ್ತೇನೆ. ಎಂಜಿನ್ನಿನ ಬೆನ್ನಿಗೆ ಒಂದು ಭಾರವಾದ ಕಬ್ಬಿಣದ ಗಾಲಿ ಸದಾ ತಿರುಗುತ್ತಿರುತ್ತದೆ. ಅದಕ್ಕೆ ಎದುರಾಗಿ ಸ್ಪ್ರಿಂಗುಗಳಿಂದ ಒತ್ತುವ ಇನ್ನೊಂದು ತಟ್ಟೆ. ಇವೆರಡರ ನಡುವೆ, ಎರಡು ಅಂಗೈಗಳ ನಡುವೆ ರೊಟ್ಟಿ ಹಿಡಿದಂತೆ, ಕ್ಲಚ್ ಪ್ಲೇಟು. ಅಂಗೈ ಒತ್ತಿ ಹಿಡಿದು ತಿರುಗಿಸಿದರೆ ರೊಟ್ಟಿಯೂ ತಿರುಗುತ್ತದೆ. ರೊಟ್ಟಿಗೆ ಗೇರು ಪೆಟ್ಟಿಗೆಯೂ, ಅದಕ್ಕೆ ಗಾಲಿಗಳೂ ಜೋಡಿಸಿವೆ. ಪೆಡಲು ತುಳಿದರೆ ಅಂಗೈ ಸಡಿಲಾಗುತ್ತದೆ, ಎಂಜಿನ್ನು ತಿರುಗಿದರೂ ಗಾಲಿ ನಿಲ್ಲುತ್ತದೆ. ಕಾಲು ತೆಗೆದರೆ ಮತ್ತೆ ಹಿಡಿತ.

ಪ್ಲೇಟು ಸವೆದು ತೆಳ್ಳಗಾದಂತೆ ಒಳಗಿನ ಸನ್ನೆಬೆರಳುಗಳು ಸರಿದು ಬಂದು, ಪೆಡಲಿನ ಆಟವನ್ನು ಸ್ವಲ್ಪಸ್ವಲ್ಪವೇ ತಿಂದುಹಾಕುತ್ತವೆ. ಆಟ ಪೂರ್ತಿ ಹೋದ ಮೇಲೆ ಯಾರೂ ತುಳಿಯದಿದ್ದರೂ ಪೆಡಲು ಅರ್ಧ ತುಳಿದ ಹಾಗೆಯೇ ಇರುತ್ತದೆ. ಅಂಗೈ ಪೂರ್ತಿ ಒತ್ತುವುದಿಲ್ಲ. ಭಾರ ಬಿದ್ದರೆ ರೊಟ್ಟಿ ಜಾರುತ್ತದೆ, ಉಜ್ಜಿ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಕಾದು ಇನ್ನಷ್ಟು ಸವೆಯುತ್ತದೆ.

“ಇನ್ನೊಂದು ಮಾತು” ಎಂದು ಚಾಚಾ ಯಜಮಾನರನ್ನು ಸೀಟಿನ ಮೇಲೆ ಕೂರಿಸಿದರು. “ನೀವು ಹೊಲದಾಗ ಹೆಂಗ ಕೂಡತೀರಿ, ಹಂಗ ಕೂಡ್ರಿ.” ಅವರು ಕುಳಿತರು. ಎಡಗಾಲು ತಾನಾಗಿ ಹೋಗಿ ಪೆಡಲಿನ ಮೇಲೆ ಕುಳಿತಿತು! ಹೊಲದ ಏರಿಳಿತಕ್ಕೆ ಆಸರೆ ಬೇಕಲ್ಲ, ಅದೇ ರೂಢಿಯಾಗಿದೆ. ಚಾಚಾ ಬಯ್ಯಲಿಲ್ಲ. “ಪೆಡಲ್ ಅಂದ್ರ ಕಾಲು ಇಡೂ ಮಣಿ ಅಲ್ರಿ ಮಾಲಕರ” ಎಂದರು, ಅಷ್ಟೇ.

ಪೆಡಲಿನಿಂದ ಒಳಗೆ ಹೋಗುವ ಸರಳಿನಲ್ಲಿ ಒಂದು ತಿರುಪು, ಅದಕ್ಕೆ ಬಿಗಿಯುವ ನಟ್ಟು. ಚಾಚಾ ನಟ್ಟು ಸಡಿಲಿಸಿ, ತಿರುಪು ತಿರುವಿ, ಪೆಡಲು ಒತ್ತಿ ನೋಡಿ, ಮತ್ತೆ ತಿರುವಿದರು. ಹತ್ತು ನಿಮಿಷದ ಕೆಲಸ. ಸ್ಕೇಲು ಹಿಡಿದು ಅಳೆದು ನಟ್ಟು ಬಿಗಿದರು. ಬೇರೆ ಬೇರೆ ಕಂಪನಿಯ ಗಾಡಿಗೆ ಅಳತೆ ಬೇರೆ, ಅದು ಗಾಡಿಯ ಪುಸ್ತಕದಲ್ಲಿ ಇರುತ್ತದೆ ಎಂದೂ ಹೇಳಿದರು.

ಕೊನೆಗೆ ಪರೀಕ್ಷೆ. ಮಕ್ಕಳನ್ನೂ ನಮ್ಮನ್ನೂ ಗಾಡಿಯ ಮುಂದಿನಿಂದಲೂ ಹಿಂದಿನಿಂದಲೂ ದೂರ ಸರಿಸಿದರು. ಸಮನೆಲ, ಎರಡೂ ಬ್ರೇಕು ಗಟ್ಟಿ, ಮೇಲಿನ ಗೇರು, ಎಂಜಿನ್ನು ಮಧ್ಯಮ. ಪೆಡಲು ನಿಧಾನ ಬಿಡಬೇಕು. ಕ್ಲಚ್ಚು ಹಿಡಿಯುತ್ತಿದ್ದರೆ ಎಂಜಿನ್ನಿಗೆ ಎಳೆಯಲಾರದೆ ಗಕ್ಕನೆ ನಿಂತುಹೋಗಬೇಕು. ಎಂಜಿನ್ನು ಓಡುತ್ತಲೇ ಇದ್ದರೆ ಜಾರುತ್ತಿದೆ ಎಂದೇ ಅರ್ಥ. ಇದನ್ನು ಒಂದೇ ಸಲ, ಒಂದೆರಡು ಕ್ಷಣ ಮಾತ್ರ ಮಾಡಬೇಕು. ಪದೇ ಪದೇ ಮಾಡಿದರೆ ಪರೀಕ್ಷೆಯೇ ಪ್ಲೇಟನ್ನು ಸುಡುತ್ತದೆ.

ಚಾಚಾ ಪೆಡಲು ಬಿಟ್ಟರು. ಎಂಜಿನ್ನು ಒಮ್ಮೆ ನಡುಗಿತು. ಗಕ್! ನಿಂತಿತು.

ಗಾಡಿ ನಿಂತದ್ದಕ್ಕೆ ಮನೆಮಂದಿಯೆಲ್ಲ ಇಷ್ಟು ಸಂತೋಷಪಟ್ಟದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆಯವರಿಗೆ ಯಾಕೆಂದು ತಿಳಿಯದೆ, “ಹೊಗಿಗೆ ಕಣ್ಣು ಉರದ್ವೇನು?” ಎಂದು ಕೇಳಿದರು.

ಚಾಚಾ ಮಾತ್ರ ಎಚ್ಚರಿಕೆ ಹೇಳಿಯೇ ಹೋದರು. “ಪ್ಲೇಟ್ ಸವದೈತಿ, ಅದು ಸುಳ್ಳಲ್ಲ. ಆದ್ರ ಪೂರಾ ಹೋಗಿಲ್ಲ. ಈ ಬಿತ್ತಿಗಿ ಮುಗಿಸಿಕೊಡತೈತಿ. ಭಾಳ ಆಳ ಇಳಸಬ್ಯಾಡ್ರಿ, ಒಂದು ಗೇರ್ ಕಡಿಮಿ ಹಾಕ್ರಿ, ಕಾಲು ಕೆಳಗಿಡ್ರಿ. ವಾಸನಿ ಬಂತಂದ್ರ ಅವ್ವಾರ ಮಾತು ಕೇಳ್ರಿ. ಸುಗ್ಗಿ ಆದ ಮ್ಯಾಲ ಬಿಚ್ಚಿಸಿ ಹೊಸಾದು ಹಾಕಸ್ರಿ.” ಕೊಟ್ಟ ಹಣದಲ್ಲಿ ಅರ್ಧ ತಿರುಗಿಸಿ, ಕಟ್ಟಿಕೊಟ್ಟ ಶೇಂಗಾ ಹೋಳಿಗೆಯನ್ನು ಮಾತ್ರ ಪೂರ್ತಿ ತೆಗೆದುಕೊಂಡರು.

ಅಂದು ಸಂಜೆ ನಾಲ್ಕಕ್ಕೆ ಹೊಲಕ್ಕೆ ಇಳಿದ ಗಾಡಿ ರಾತ್ರಿ ಒಂಬತ್ತಕ್ಕೆ ದೀಪ ಹಾಕಿಕೊಂಡು ಬಂತು. ಶನಿವಾರ ಮಧ್ಯಾಹ್ನಕ್ಕೆ ನಾಲ್ಕೂ ಎಕರೆ ಮುಗಿಯಿತು. ಊಟಕ್ಕೆ ಕುಳಿತಾಗ ಯಜಮಾನರು ರೊಟ್ಟಿ ಮುರಿಯುತ್ತ, ತಲೆ ಎತ್ತದೆ, “ಎಂಟು ದಿನದ ಹಿಂದ ನೀ ಹೇಳಿದ್ದು ಖರೇ ಇತ್ತು” ಎಂದರು. ತಂಗಿ ಏನೂ ಅನ್ನಲಿಲ್ಲ. ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಭಾನುವಾರ ರಾತ್ರಿ ಮಳೆ ಬಂತೆಂದು ಫೋನು ಬಂತು. ಆಗಸ್ಟಿನಲ್ಲಿ ಹೆಸರು ಬಂತು, ಹೆಸರು ಮಾರಿದ ಹಣದಲ್ಲಿ ಹೊಸ ಪ್ಲೇಟೂ ಬಂತು. ತೆಗೆದ ಹಳೆಯ ಪ್ಲೇಟನ್ನು ತಂಗಿ ಹಿತ್ತಲಲ್ಲಿ ತುಳಸಿ ಕುಂಡದ ಕೆಳಗೆ ಇಟ್ಟಿದ್ದಾಳೆ, ನೆನಪಿಗೆ.

ನಿಮ್ಮ ಮನೆಯ ಗಾಡಿಗೂ

ನಮ್ಮ ಮನೆಯಲ್ಲಿ ಟ್ರ್ಯಾಕ್ಟರಿಲ್ಲ, ಇದು ನಮಗೇಕೆ ಎನ್ನಬೇಡಿ. ಕ್ಲಚ್ಚು ಇಲ್ಲದ ಮನೆ ಈಗ ಎಲ್ಲಿದೆ?

ಮನೆಯವರ ಮೋಟಾರು ಸೈಕಲ್ಲು ಏರಿನಲ್ಲಿ, ನೀವು ಹಿಂದೆ ಕುಳಿತಾಗ, ಸದ್ದು ಮಾತ್ರ ಹೆಚ್ಚು ಮಾಡಿ ವೇಗ ಕೊಡದಿದ್ದರೆ ಅದೂ ಜಾರುವ ಕ್ಲಚ್ಚೇ. ನಿಮ್ಮ ತೂಕವನ್ನು ದೂರಲು ಬಿಡಬೇಡಿ! ಮೊದಲು ಹಿಡಿಯಲ್ಲಿ ಆಟ ಇದೆಯೇ ನೋಡಲು ಹೇಳಿ. ಸಾಮಾನ್ಯವಾಗಿ ಹಿಡಿಯ ತುದಿಯಲ್ಲಿ 10ರಿಂದ 20 ಮಿಲಿಮೀಟರು ಸಡಿಲ ಇರಬೇಕು. ಬೆರಳನ್ನು ಸದಾ ಕ್ಲಚ್ಚಿನ ಮೇಲಿಟ್ಟು ಓಡಿಸುವ ಅಭ್ಯಾಸವಿದ್ದರೆ ಬಿಡಿಸಿ.

ಮೋಟಾರು ಸೈಕಲ್ಲಿನ ಕ್ಲಚ್ಚು ಟ್ರ್ಯಾಕ್ಟರಿನ ಹಾಗೆ ಒಣಗಿರುವುದಿಲ್ಲ, ಹೆಚ್ಚಿನವುಗಳಲ್ಲಿ ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಕಾರಿನ ಎಣ್ಣೆ ಹಾಕಿಸಿದರೆ, ಅದರಲ್ಲಿನ ನುಣುಪು ಕೊಡುವ ಮದ್ದಿನಿಂದ ಕ್ಲಚ್ಚು ಜಾರಬಹುದು. ಡಬ್ಬಿಯ ಮೇಲೆ ‘ಜೆಎಎಸ್‌ಓ ಎಂಎ’ ಎಂಬ ಗುರುತು ಇದೆಯೇ ನೋಡಿ ಕೊಳ್ಳಿ. ಮಕ್ಕಳು ರಜೆಗೆ ಹೋದಾಗ ರೆಸಾರ್ಟುಗಳ ಕೆಸರಿನಲ್ಲಿ ಓಡಿಸುತ್ತಾರಲ್ಲ, ನಾಲ್ಕು ದಪ್ಪ ಗಾಲಿಯ ಆ ಬೈಕುಗಳಲ್ಲಿ ಎಷ್ಟೋ ಗಾಡಿಗಳ ಕತೆಯೂ ಇದೇ.

ನೀವೇ ಓಡಿಸುವ ಗೇರಿಲ್ಲದ ಸ್ಕೂಟರಿನಲ್ಲಿ ಕ್ಲಚ್ಚಿನ ಹಿಡಿ ಇಲ್ಲ, ಕ್ಲಚ್ಚು ಇದೆ. ವೇಗ ಏರಿದಾಗ ತಾನಾಗಿ ಅರಳಿ ಹಿಡಿಯುವ ಕ್ಲಚ್ಚು, ಜೊತೆಗೆ ಒಂದು ರಬ್ಬರು ಬೆಲ್ಟು. ಆಕ್ಸಿಲರೇಟರು ತಿರುವಿದರೂ ತಡವಾಗಿ ಹೊರಟರೆ, ಏರಿನಲ್ಲಿ ಕೂಗಿದರೆ, ಅವೆರಡನ್ನೂ ತೋರಿಸಿ.

ಮೆಕ್ಯಾನಿಕ್ಕು ‘ಬಿಚ್ಚಬೇಕು’ ಎಂದಾಗ ಮೂರು ಮಾತು ಕೇಳಿ: ಆಟ ನೋಡಿದಿರಾ? ಎಣ್ಣೆ ನೋಡಿದಿರಾ? ಪರೀಕ್ಷೆ ಮಾಡಿದಿರಾ? ನೋಡಿಯೂ ಬಿಚ್ಚಬೇಕೆಂದರೆ ಬಿಚ್ಚಿಸಿ, ಮುಂದೂಡಬೇಡಿ.

ಲಕ್ಷ್ಮೇಶ್ವರಕ್ಕೆ ಹೋಗುವವರಿಗೆ ಗದಗ, ಹುಬ್ಬಳ್ಳಿ ಎರಡೂ ಕಡೆಯಿಂದ ಬಸ್ಸುಗಳಿವೆ. ರೈಲಿನಲ್ಲಿ ಬಂದರೆ ಯಲವಿಗಿಯಲ್ಲಿ ಇಳಿದು ಬಸ್ಸು ಹಿಡಿಯಬಹುದು. ಗುಡಿಗೆ ಬೆಳಿಗ್ಗೆ ಬೇಗ ಹೋಗಿ, ಕಲ್ಲು ಕಾಯುವ ಮುಂಚೆ. ದಾರಿಯಲ್ಲಿ ಶಿರಹಟ್ಟಿಯ ಫಕೀರೇಶ್ವರ ಮಠವನ್ನೂ ನೋಡಿ ಬನ್ನಿ. ಹೆಸರಲ್ಲೇ ಫಕೀರನೂ ಈಶ್ವರನೂ ಕೂಡಿರುವ ಮಠ ಅದು.

ಮತ್ತೆ, ಮನೆಯಲ್ಲಿ ಏನಾದರೂ ಸುಟ್ಟ ವಾಸನೆ ನಿಮ್ಮ ಮೂಗಿಗೆ ಬಿದ್ದರೆ, ‘ನಿನಗೇನು ತಿಳಿಯುತ್ತದೆ’ ಎಂದವರಿಗೆ ಇನ್ನೊಮ್ಮೆ ಹೇಳಿ. ಎಂಟು ದಿನ ಕಾಯಬೇಡಿ.